ರಾಜಾಧಿರಾಜನ ಉಡುದಾರ

ನಮ್ಮ ದೊಡ್ಡಮ್ಮ ಫೋನಿನಲ್ಲಿ "ಬಾ" ಅನ್ನುವವಳಲ್ಲ, "ಯಾವಾಗ ಬತ್ತೀಯ" ಅನ್ನುವವಳು. ಅವತ್ತೂ ಹಾಗೇ ಕೇಳಿದಳು. ನಾನು ಮ್ಯೂಸಿಯಮ್ಮಿನ ನಾಣ್ಯ ವಿಭಾಗದಲ್ಲಿ ಭೂತಗನ್ನಡಿ ಹಿಡಿದು ಕೂತಿದ್ದೆ.

"ದೇವ್ರ ಪೆಟ್ಟಿಗೇಲಿ ಬಸ್ರಾ ತಾತ ತಂದ ಬೆಳ್ಳಿ ದುಡ್ಡು ಐತಲ್ಲ, ಅದರ ಮ್ಯಾಲೆ ಏನೋ ಬರ್ದೈತಲ್ಲ, ಅದನ್ನ ಓದಬೇಕು ಕಣೇ. ಯಾವಾಗ ಬತ್ತೀಯ?"

ಆ ದುಡ್ಡು ನನಗೆ ಗೊತ್ತಿತ್ತು. ನೊಣವಿನಕೆರೆಯ ಆ ಮನೆಯಲ್ಲಿ ಹುಟ್ಟುವ ಪ್ರತಿ ಕೂಸಿಗೂ ಹೆಸರಿಡುವ ದಿನ ಅದನ್ನು ಕರಿದಾರದಲ್ಲಿ ಪೋಣಿಸಿ ಸೊಂಟಕ್ಕೆ ಕಟ್ಟುತ್ತಾರೆ. ಮನೆಯ ಹಿರಿಯ ಹೆಂಗಸೇ ಕಟ್ಟಬೇಕು. ಕೂಸು ಎದ್ದು ನಡೆಯುವಂತಾದ ಮೇಲೆ ಬಿಚ್ಚಿ ಮತ್ತೆ ದೇವರ ಪೆಟ್ಟಿಗೆಗೆ ಹಾಕುತ್ತಾರೆ. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ದಂಡಿನ ಹೇಸರಗತ್ತೆ ಹೊಡೆಯುವ ಕೆಲಸಕ್ಕೆ ಇರಾಕಿನ ಬಸ್ರಾದ ಕಡೆ ಹೋಗಿ ಜೀವಸಹಿತ ಬಂದ ಮುತ್ತಾತ ಅದನ್ನು ತಂದನಂತೆ. ಅವನು ಉಳಿದು ಬಂದನಲ್ಲ, ಹಾಗೆಯೇ ಮಕ್ಕಳೂ ಉಳಿಯಲಿ ಎಂದು ಶುರುವಾದ ಪದ್ಧತಿ.

ದೊಡ್ಡಮ್ಮನ ಮಗ, ಅಂದರೆ ನನ್ನ ತಮ್ಮ, ಅದನ್ನು ಕಟ್ಟಿಸಿಕೊಂಡೇ ಬೆಳೆದವನು. ಈಗ ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ ಮಾಡುತ್ತಾನೆ. ಅವನ ಮೊದಲನೆಯ ಗಂಡುಮಗುವಿಗೂ ದೊಡ್ಡಮ್ಮನೇ ಕಟ್ಟಿದ್ದಳು. ಆ ಮಗು ಅಂಬೆಗಾಲಿಡುವ ಮೊದಲೇ ಜ್ವರ ಬಂದು ತೀರಿಕೊಂಡಿತು. ಉಡುದಾರ ಸೊಂಟದಲ್ಲೇ ಇತ್ತು. ಈಗ ಸೊಸೆ ಎರಡನೆಯದನ್ನು, ಹೆಣ್ಣುಮಗುವನ್ನು, ಹೆತ್ತು ಕೆಂಕೆರೆಯ ತವರಿನಲ್ಲಿ ಬಾಣಂತನದಲ್ಲಿದ್ದಳು. ಇನ್ನೇನು ಮನೆಗೆ ಬರುವ ಹೊತ್ತು.

"ಅವ್ಳಿಗೆ ಆ ದುಡ್ಡು ಕಂಡ್ರೆ ಭಯ. ಬಾಯ್ಬಿಟ್ಟು ಹೇಳಿಲ್ಲ, ಆದ್ರೂ ನಂಗೆ ಗೊತ್ತಾಗಲ್ವಾ? ಕೆಟ್ಟದ್ದೇನಾರ ಬರ್ದಿದ್ರೆ ಕೆರೆಗೆ ಬಿಟ್ಟುಬುಡಾನ. ಒಳ್ಳೇದಿದ್ರೆ ಕಟ್ಟಾನ. ನಮ್ಮಲ್ಲಿ ಇಂಥವೆಲ್ಲ ಓದೋಳು ನೀನೊಬ್ಳೇ."

ರಜೆ ಹಾಕಿ ಹೊರಟೆ. ಅರಬ್ಬೀ ಅಕ್ಷರದ ಯಾವುದೋ ನಾಣ್ಯವಿರಬೇಕು, ಒಂದು ಹೊತ್ತಿನ ಕೆಲಸ ಅಂದುಕೊಂಡಿದ್ದೆ. ದೊಡ್ಡಮ್ಮ ಅಂಗಳದಲ್ಲಿ ಅಟ್ಟದಿಂದ ಇಳಿಸಿದ ಕಾಯಿಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಒಣಗಿದ ಕೊಬ್ಬರಿ ಗಿಟುಕು ಗಡಗಡ ಅನ್ನುವುದನ್ನು ಒಂದು ಕಡೆ, ಅನ್ನದಿರುವುದನ್ನು ಇನ್ನೊಂದು ಕಡೆ ಹಾಕುತ್ತಿದ್ದಳು. ನನ್ನನ್ನು ನೋಡಿ ಎದ್ದು ಕೈ ತೊಳೆದು ಸೀದಾ ದೇವರ ಮನೆಗೆ ಹೋದಳು. ಕಾಫಿಯನ್ನೂ ಕೇಳಲಿಲ್ಲ. ಅದರಿಂದಲೇ ಅವಳ ಸಂಕಟ ಎಷ್ಟಿದೆಯೆಂದು ನನಗೆ ತಿಳಿಯಿತು.

ನಾಣ್ಯ ಅಂಗೈಗೆ ಬಿದ್ದಾಗ ನಾನು ಜಗಲಿಯ ಮೇಲೆ ಹಾಗೇ ಕೂತುಬಿಟ್ಟೆ. ಒಂದು ಕಡೆ ಗಡ್ಡದ ರಾಜನ ಮುಖ, ಎಡಕ್ಕೆ ತಿರುಗಿದ್ದು. ಇನ್ನೊಂದು ಕಡೆ ಪೀಠದ ಮೇಲೆ ಕೂತು ಬಿಲ್ಲು ಹಿಡಿದವನು, ಅವನ ಸುತ್ತ ಚೌಕಾಕಾರದಲ್ಲಿ ಗ್ರೀಕ್ ಅಕ್ಷರಗಳ ಸಾಲು. ಪಾರ್ಥಿಯಾದ ದ್ರಾಕ್ಮಾ. ಎರಡು ಸಾವಿರ ವರ್ಷಕ್ಕೂ ಹಿಂದೆ ಇರಾನು, ಇರಾಕುಗಳನ್ನು ಆಳಿದವರ ಬೆಳ್ಳಿ. ಯಾರೋ ಪುಣ್ಯಾತ್ಮರು ಹಿಂದೆಂದೋ ಕೊಟ್ಟಿದ್ದ ಇಂಥದೇ ನಾಣ್ಯಗಳ ಒಂದು ತಟ್ಟೆಯನ್ನು ಇಟ್ಟುಕೊಂಡು ನಾನು ಮ್ಯೂಸಿಯಮ್ಮಿನಲ್ಲಿ ಒದ್ದಾಡುತ್ತಿದ್ದೆ. ಅದೇ ವಂಶದವನು ನಮ್ಮ ದೊಡ್ಡಮ್ಮನ ಮನೆಯ ಮಕ್ಕಳ ಸೊಂಟದಲ್ಲಿ ಇಷ್ಟು ವರ್ಷ ನೇತಾಡಿದ್ದಾನೆ!

"ಶಿವ ಕಣೇ," ಅಂದಳು ದೊಡ್ಡಮ್ಮ. "ನೋಡು ಹಣೆಗಣ್ಣು. ಪಕ್ಕದಲ್ಲಿ ಚಂದ್ರ. ಹಿಂದ್ಗಡೆ ಬಿಲ್ಲು ಹಿಡ್ಕಂಡು ಕುಂತವ್ನೆ. ಶಿವನಲ್ದೆ ಇನ್ಯಾರು?"

ಅವಳು ಹೇಳಿದ್ದೆಲ್ಲ ಅಲ್ಲಿ ಇತ್ತು. ರಾಜನ ಹಣೆಯ ನಡುವೆ ಒಂದು ಉಬ್ಬು, ಮುಖದ ಅಕ್ಕಪಕ್ಕ ನಕ್ಷತ್ರ ಮತ್ತು ಚಂದ್ರ.

"ದೊಡ್ಡಮ್ಮ, ಅದು ಕಣ್ಣಲ್ಲ, ನರಹುಲಿ. ಆ ವಂಶದಲ್ಲಿ ಹಲವರಿಗೆ ಹಣೆ ಮೇಲೆ ಇತ್ತು. ಅದನ್ನೂ ಬಿಡದೆ ಕೆತ್ತಿಸ್ಕೊಂಡಿದ್ದಾರೆ."

"ನಿಂಗೆ ನರಹುಲಿ, ನಂಗೆ ಕಣ್ಣು. ಬುಡು, ಮುಂದುಕ್ಕೆ ಓದು."

ಮುಂದಕ್ಕೆ ಓದುವುದೇ ಕಷ್ಟವಾಯಿತು. ಅಕ್ಷರಗಳು ಸವೆದು ಬೆಳ್ಳಿಯೊಳಗೆ ಸೇರಿಹೋಗಿದ್ದವು. ಯಾಕೆಂದು ಕೇಳಿದೆ. ಪ್ರತಿ ಸೋಮವಾರ ವಿಭೂತಿ ಹಾಕಿ ತೆಂಗಿನ ನಾರಿನಲ್ಲಿ ತಿಕ್ಕುತ್ತಾಳಂತೆ. ಅವಳಿಗೂ ಮೊದಲು ಅವಳ ಅತ್ತೆ ತಿಕ್ಕುತ್ತಿದ್ದಳಂತೆ. ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ.

"ತಿಕ್ಕಿ ತಿಕ್ಕಿ ರಾಜನ ಮೂಗು ಕಿತ್ತಿದ್ದೀಯಲ್ಲ! ಹಳೇ ನಾಣ್ಯಾನ ಬಟ್ಟೇಲೂ ಒರೆಸಬಾರದು ಅಂತ ನಾವು ಬಡ್ಕೋತೀವಿ."

"ಕೊಳೆ ಹಿಡಿದಿರೋ ದೇವ್ರಿಗೆ ಯಾರೇ ಕೈ ಮುಗೀತಾರೆ? ನಿಮ್ಮ ಮ್ಯೂಸಿಯಮ್ನಲ್ಲಿ ಮುಗೀರಿ."

ಸವೆದ ಅಕ್ಷರ ಓದಲು ಬೆಳಕು ಓರೆಯಾಗಿ ಬೀಳಬೇಕು. ಆಗ ಕೂದಲೆಳೆಯಷ್ಟು ಎತ್ತರವಿರುವುದಕ್ಕೂ ನೆರಳು ಬರುತ್ತದೆ. ಬೆಳಗಿನ ಬಿಸಿಲಿಗೆ ಜಗಲಿಯಲ್ಲಿ ಕೂತರೆ ಎದುರಿನ ತೋಟದ ಗರಿಗಳು ಅಲ್ಲಾಡಿ, ಸಿಕ್ಕಿದ ಅಕ್ಷರವೂ ಮರುಕ್ಷಣ ಮಾಯವಾಗುತ್ತಿತ್ತು. ಒಳಗೆ ಹೋಗಿ ಟಾರ್ಚ್ ಹಿಡಿದರೆ ಬೆಳ್ಳಿ ಕಣ್ಣಿಗೆ ಹೊಡೆಯುತ್ತಿತ್ತು. ಫೋನಿನಲ್ಲಿ ಚಿತ್ರ ತೆಗೆದು ನನಗೆ ಗ್ರೀಕ್ ಕಲಿಸಿದ ಹಿರಿಯರಿಗೆ ಕಳಿಸಿದೆ. "ಏನೂ ಕಾಣದು. ಊಹಿಸಿ ಓದಬೇಡ," ಎಂದು ಉತ್ತರ ಬಂತು. ಊಹಿಸುವುದು ಸುಲಭವಿತ್ತು. ಆ ಕಾಲದ ನಾಣ್ಯಗಳ ಮೇಲೆ ಹೆಚ್ಚಾಗಿ ಒಂದೇ ಬಿರುದಾವಳಿ ಇರುತ್ತದೆ. ಆದರೆ ದೊಡ್ಡಮ್ಮ ಕೇಳಿದ್ದು ಹೆಚ್ಚಾಗಿ ಏನಿರುತ್ತದೆ ಅಂತಲ್ಲ, ಇದರ ಮೇಲೆ ಏನಿದೆ ಅಂತ.

ದಾರಿ ತೋರಿಸಿದ್ದು ಸೋಮವಾರದ ಪೂಜೆ. ತಿಕ್ಕಬೇಡ ಅಂತ ನಾನು ಎಷ್ಟು ಹೇಳಿದರೂ ಕೇಳದೆ ದೊಡ್ಡಮ್ಮ ನಾಣ್ಯಕ್ಕೆ ಅಭಿಷೇಕ ಮಾಡಿದಳು. ನನ್ನ ಮಾತಿಗೆ ಬೆಲೆ ಕೊಟ್ಟು ನಾರು ಮಾತ್ರ ಬಿಟ್ಟಳು. ಒದ್ದೆ ವಿಭೂತಿ ಹಚ್ಚಿ, ಸೆರಗಿನಿಂದ ಮೇಲೆ ಮೇಲೆ ಒರೆಸಿ ನನ್ನ ಕೈಗಿಟ್ಟಳು. ವಿಭೂತಿ ತಗ್ಗಿನಲ್ಲಿ ಉಳಿದು ಒಣಗುತ್ತಾ ಬಂದ ಹಾಗೆ, ಅಳಿದೇ ಹೋಗಿವೆ ಅಂದುಕೊಂಡ ಗೆರೆಗಳು ಬಿಳಿಯ ನಡುವೆ ಕಪ್ಪಗೆ ಎದ್ದವು. ಶಾಸನ ಓದುವವರು ಕಲ್ಲಿಗೆ ಬಿಳಿ ಪುಡಿ ಬಳಿದು ಓದುವುದನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಉಗುರಗಲದ ನಾಣ್ಯಕ್ಕೂ ಹಾಗೆ ಮಾಡಬಹುದು ಅಂತ ಹೊಳೆದಿರಲಿಲ್ಲ. ಮನೆಗೆ ಕೇಡು ಬರೆದಿದೆಯಾ ಅಂತ ಹೆದರಿದವಳ ವಿಭೂತಿಯೇ ಅಕ್ಷರ ಬಿಡಿಸಿ ಕೊಟ್ಟಿತು.

ನಾಣ್ಯವನ್ನು ತಿರುಗಿಸುತ್ತಾ ಓದಿದೆ. ಬಲಕ್ಕೆ ಅರ್ಸಾಕ. ಕೆಳಗೆ ಎರಡು ಬಿರುದು: ಉಪಕಾರಿ, ನ್ಯಾಯವಂತ. ಎಡಕ್ಕೆ ಇನ್ನೆರಡು: ದೇವರಂತೆ ಪ್ರತ್ಯಕ್ಷನಾದವನು, ಗ್ರೀಕರ ಗೆಳೆಯ. ಪಾರ್ಥಿಯಾದ ರಾಜನಿಗೆ ಗ್ರೀಕರ ಗೆಳೆತನ ಯಾಕೆ ಬೇಕಿತ್ತು ಎಂದು ಮಂಡಿಯಿಂದ ಮನೆಗೆ ಬಂದ ತಮ್ಮ ಕೇಳಿದ. ಅವನ ರಾಜ್ಯದ ಪೇಟೆಗಳಲ್ಲಿ ಗ್ರೀಕರು ತುಂಬಿದ್ದರು, ದುಡ್ಡು ಅವರ ಕೈಯಲ್ಲಿ ಓಡಬೇಕಿತ್ತು. "ನಿಮ್ಮ ಮಂಡಿಯಲ್ಲಿ ಉತ್ತರದ ಖರೀದಿದಾರರು ಬರ್ತಾರೆ ಅಂತ ಹಿಂದೀಲೂ ಬೋರ್ಡ್ ಬರೆಸ್ತೀರಲ್ಲ, ಹಾಗೆ," ಅಂದೆ. ಅವನಿಗೆ ತಟ್ಟನೆ ಅರ್ಥವಾಯಿತು.

ಹೆಸರಿನ ವಿಷಯ ದೊಡ್ಡಮ್ಮನಿಗೇ ಮೊದಲು ತಿಳಿಯಿತು. ಆ ವಂಶದ ರಾಜರೆಲ್ಲ ನಾಣ್ಯದ ಮೇಲೆ ಅರ್ಸಾಕ ಅಂತಲೇ ಬರೆಸುತ್ತಿದ್ದರು ಅಂದೆ. "ಮಠದಲ್ಲಿ ಯಾರು ಪಟ್ಟಕ್ಕೆ ಬಂದ್ರೂ ಅದೇ ಹೆಸರು ಇಡಲ್ವಾ, ಹಂಗೆ," ಅಂದಳು. ಹಾಗೆಯೇ. ಆದ್ದರಿಂದ ಯಾವ ಅರ್ಸಾಕ ಅನ್ನುವುದನ್ನು ಮುಖ ನೋಡಿ ಗುರುತಿಸಬೇಕು. ಮೋಟು ಗಡ್ಡ, ನರಹುಲಿ, ನಕ್ಷತ್ರ, ಚಂದ್ರ ಎಲ್ಲವನ್ನೂ ಹೋಲಿಸಿ ನೋಡಿದರೆ ಇವನು ಬಹುಮಟ್ಟಿಗೆ ಇತಿಹಾಸಕಾರರು ಎರಡನೆಯ ಒರೋಡಿಸ್ ಎಂದು ಕರೆಯುವವನು.

"ಎಲ್ಲ ಒಳ್ಳೇದೇ ಇದೆ ದೊಡ್ಡಮ್ಮ. ಆಯ್ತಲ್ಲ?"

"ಮ್ಯಾಲಿನ ಸಾಲು?"

ಮೇಲಿನ ಸಾಲು ಕೊಂಡಿಯ ಅಡಿಯಲ್ಲಿತ್ತು. ದಾರ ಪೋಣಿಸಲೆಂದು ಹಿಂದಿನ ಯಾವನೋ ಅಕ್ಕಸಾಲಿ ಒಂದು ಬೆಳ್ಳಿ ಪಟ್ಟಿಯನ್ನು ನಾಣ್ಯದ ನೆತ್ತಿಯ ಮೇಲೆ ಎರಡೂ ಕಡೆಗೆ ಮಡಚಿ ಕೂರಿಸಿದ್ದ. ಅಲ್ಲಿ ಇರುವುದು 'ರಾಜಾಧಿರಾಜ' ಅಂತಲೇ, ಬೇರೆ ಇರಲಾರದು ಎಂದು ವಿವರಿಸಿದೆ.

"ಕಂಡಿದ್ಯಾ?"

"ಕಂಡಿಲ್ಲ."

"ಮತ್ತೆ? ಕೆಟ್ಟದ್ದು ಇದ್ರೆ ಮುಚ್ಚಿಟ್ಟಿರೋ ಕಡೇನೇ ಅಲ್ವೇನೇ ಇರೋದು? ಎಲ್ಲಾನೂ ಓದು ಮಗ. ಒಂದಕ್ಷರಾನೂ ಬುಡಬ್ಯಾಡ."

ನಾನು ಸಿಟ್ಟು ಮಾಡಿಕೊಂಡು ತೋಟಕ್ಕೆ ಹೋದೆ. ಹಳೆಯ ನಾಣ್ಯವನ್ನು ಬಿಸಿ ಮಾಡಬಾರದು, ಮೀಟಬಾರದು, ಅದಕ್ಕೆ ಅಂಟಿ ಬಂದದ್ದನ್ನು ಕೀಳಬಾರದು ಅನ್ನುವುದು ನನ್ನ ಕಸುಬಿನ ಮೊದಲ ಪಾಠ. ಬೇರೆ ಯಾರಾದರೂ ಹೀಗೆ ಮಾಡಿದ್ದರೆ ಅವರ ಜನ್ಮ ಜಾಲಾಡುತ್ತಿದ್ದೆ. ಕಾಣದ ಭಾಗವನ್ನು ಆವರಣ ಚಿಹ್ನೆಯೊಳಗೆ ತುಂಬಿ ಬರೆದು ಮುಂದೆ ಹೋಗುವುದು ನಮ್ಮ ಪದ್ಧತಿ. ಆದರೆ ದೊಡ್ಡಮ್ಮನಿಗೆ ಆವರಣ ಚಿಹ್ನೆ ಸಾಲದು. ಹೊರಗೆ ನಿಂತು ಯೋಚಿಸಿದಾಗ ಒಂದು ಮಾತು ಸ್ಪಷ್ಟವಾಯಿತು. ಸೊಸೆಗೆ ಭಯ ಅಂತ ಅವಳು ಹೇಳುತ್ತಿದ್ದಳು, ಆದರೆ ಸೊಸೆ ಇನ್ನೂ ಕೆಂಕೆರೆಯಲ್ಲೇ ಇದ್ದಳು. ದಿನಾ ಬೆಳಗಾದರೆ ಆ ದುಡ್ಡನ್ನು ಮುಟ್ಟಿ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದವಳು ದೊಡ್ಡಮ್ಮ. ಕೊಂಡಿ ಬಿಚ್ಚಿಸುವುದೆಂದು ತೀರ್ಮಾನಿಸಿದೆ.

ಮಾರನೆಯ ದಿನ ಇಬ್ಬರೂ ತಿಪಟೂರಿನ ಬಸ್ಸು ಹತ್ತಿದೆವು. ಅವರ ಮನೆಯ ಒಡವೆ ಮಾಡುವ ಅಕ್ಕಸಾಲಿ ಪಟ್ಟಿಯನ್ನು ತಿರುಗಿಸಿ ನೋಡಿ, ಬೆಸುಗೆ ಹಾಕಿಲ್ಲ, ಒಳಗೆ ಅರಗು ತುಂಬಿ ಕೂರಿಸಿದ್ದಾರೆ ಅಂದ. ನನಗೆ ಅರ್ಧ ಜೀವ ಬಂತು. ಬೆಂಕಿ ತಾಗಿಸಬೇಡ ಅಂತ ನಾನೂ, ಬೇಗ ತೆಗಿ ಅಂತ ದೊಡ್ಡಮ್ಮನೂ ಒಟ್ಟಿಗೆ ಹೇಳಿದೆವು. ಅವನು ಇಬ್ಬರಿಗೂ ಹೂಂ ಅಂದು, ಚಿಮಟವನ್ನು ಕಾಯಿಸಿ ಪಟ್ಟಿಯನ್ನು ಮಾತ್ರ ಹಿಡಿದ. ಅರಗಿನ ವಾಸನೆ ಎದ್ದಿತು. ಪಟ್ಟಿ ಮೆಲ್ಲಗೆ ಜಾರಿತು. ಉಳಿದ ಅರಗನ್ನು ನಾನೇ ಹತ್ತಿಯಲ್ಲಿ ಸ್ಪಿರಿಟ್ ತೆಗೆದುಕೊಂಡು ಕರಗಿಸಿದೆ.

ಅರಗಿನ ಅಡಿಯ ಅಕ್ಷರಗಳು ಸವೆದೇ ಇರಲಿಲ್ಲ. ವಿಭೂತಿಯೂ ನಾರೂ ಅಲ್ಲಿಗೆ ಮುಟ್ಟಿರಲಿಲ್ಲ. ಗೆರೆಯ ತುದಿತುದಿಯಲ್ಲಿ ಕೆತ್ತಿದವನು ಬಿಟ್ಟ ಚುಕ್ಕಿಗಳು ಬೆರಳಿಗೆ ಚುಚ್ಚುವಷ್ಟು ಚೂಪಾಗಿದ್ದವು. ಇಷ್ಟು ವರ್ಷ ಈ ಕೆಲಸ ಮಾಡಿದ್ದೇನೆ, ಅಷ್ಟು ತಾಜಾ ಅಕ್ಷರ ನೋಡಿ ನನಗೆ ಕಣ್ಣಲ್ಲಿ ನೀರು ಬಂತು.

"ಏನಂತೇ?" ದೊಡ್ಡಮ್ಮ ನನ್ನ ತೋಳು ಹಿಡಿದಿದ್ದಳು.

"ರಾಜಾಧಿರಾಜ. ಅಷ್ಟೇ."

"ಕೂಸು ಗೀಸು ಅಂತ ಏನೂ ಇಲ್ವಾ?"

"ಏನೂ ಇಲ್ಲ ದೊಡ್ಡಮ್ಮ."

ಅವಳು ಅಂಗಡಿಯ ಬೆಂಚಿನ ಮೇಲೆ ಕೂತು ನೀರು ಕೇಳಿ ಕುಡಿದಳು. ಅಲ್ಲಿಗೆ ನನ್ನ ಕೆಲಸ ಮುಗಿಯಿತು ಅಂದುಕೊಂಡೆ.

ಆ ವಾರ ಸೊಸೆ ಮಗುವನ್ನೆತ್ತಿಕೊಂಡು ಬಂದಳು. ಕಡಿಮೆ ಮಾತಿನ ಹುಡುಗಿ. ತೊಟ್ಟಿಲು ಕಟ್ಟಿ ಮಗುವನ್ನು ಮಲಗಿಸಿ, ಹಗ್ಗ ಹಿಡಿದು ತೂಗುತ್ತಾ ಕೂತಳು. ದೊಡ್ಡಮ್ಮ ಬಾಗಿಲ ಹತ್ತಿರ ಕಾಯಿ ಅಲ್ಲಾಡಿಸುತ್ತಿದ್ದಳು. ನಾಳಿದ್ದು ಹೆಸರಿಡುವುದು.

"ಅಕ್ಕ, ಓದಿದ್ರಂತೆ. ಏನೈತೆ?" ಸೊಸೆ ನೇರವಾಗಿ ಕೇಳಿದಳು.

ಒಂದೊಂದೇ ಹೇಳಿದೆ. ರಾಜಾಧಿರಾಜ ಅರ್ಸಾಕ, ಉಪಕಾರಿ, ನ್ಯಾಯವಂತ, ಪ್ರತ್ಯಕ್ಷನಾದವನು, ಗ್ರೀಕರ ಗೆಳೆಯ. ಹೇಳುತ್ತಾ ಹೇಳುತ್ತಾ ಒಳ್ಳೆಯ ಸುದ್ದಿ ತಂದಿದ್ದೇನೆ ಅನ್ನುವ ಹೆಮ್ಮೆ ಇತ್ತು.

ತೊಟ್ಟಿಲು ನಿಂತಿತು. "ಒಳ್ಳೇದು ಮಾಡೋನು, ನ್ಯಾಯವಂತ. ಹಂಗಂತ ಬರ್ಕಂಡು ನನ್ನ ಮಗೀನ ಸೊಂಟದಾಗೇ ಇದ್ನಲ್ಲಕ್ಕ. ಮತ್ಯಾಕೆ ನೋಡ್ಕಳ್ಳಿಲ್ಲ?"

ನಾನು ಬಿರುದುಗಳನ್ನು ಓದಿದ್ದೆ, ಕೇಳಿಸಿಕೊಳ್ಳುವವಳ ಕಿವಿಗೆ ಅವು ಹೇಗೆ ಬೀಳುತ್ತವೆ ಅಂತ ಯೋಚಿಸಿರಲಿಲ್ಲ. ಗಾಬರಿಯಲ್ಲಿ ಅಂದೆ: "ಇವೆಲ್ಲ ಅವನೇ ಬರೆಸ್ಕೊಂಡಿದ್ದು ಕಣಮ್ಮ. ಬರೀ ಜಂಬ. ನ್ಯಾಯವಂತ ಅಂದ್ಕೊಂಡವನು ಅಪ್ಪನ್ನ ಕೊಂದು, ಒಡಹುಟ್ಟಿದವನನ್ನೂ ಕೊಲ್ಲಿಸಿ ಪಟ್ಟದಲ್ಲಿ ಕೂತಿದ್ದ."

ಮಾತು ಆಡಿದರೆ ಹೋಯಿತು. ಬಾಗಿಲ ಹತ್ತಿರ ದೊಡ್ಡಮ್ಮನ ಕೈಯಲ್ಲಿದ್ದ ಕಾಯಿ ಜಾರಿ ಉರುಳಿತು.

"ಅಪ್ಪನ್ನ ಕೊಂದೋನಾ? ಅಂಥೋನ ಮುಖ ಕಟ್ಟಿದ್ನಾ ನಾನು, ಆ ಕೂಸಿಗೆ? ಈ ಕೈಯಾಗೆ ಕಟ್ಟಿದ್ನಲ್ಲೇ... ಇವ್ಳು ಬ್ಯಾಡ ಅತ್ತೆ, ದಾರ ಒತ್ತುತ್ತೆ ಅಂದ್ರೂ ಕೇಳ್ದೆ ಕಟ್ಟಿದ್ನಲ್ಲೇ..." ಅವಳು ತನ್ನ ಎರಡೂ ಅಂಗೈಯನ್ನು ನೋಡಿಕೊಳ್ಳುತ್ತಿದ್ದಳು.

ಸೊಸೆ ಅತ್ತೆಯನ್ನು ಬೆರಗಾಗಿ ನೋಡುತ್ತಿದ್ದಳು. ಅತ್ತೆ ಇಷ್ಟು ದಿನ ಇದನ್ನು ಹೊತ್ತುಕೊಂಡು ಓಡಾಡಿದ್ದಾಳೆ ಅಂತ ಅವಳಿಗೂ ಗೊತ್ತಿರಲಿಲ್ಲ. ನನಗೆ ನನ್ನ ನಾಲಿಗೆಯನ್ನು ಕಿತ್ತುಹಾಕುವಷ್ಟು ಸಂಕಟವಾಯಿತು. ಸುಳ್ಳು ಹೇಳಿ ಸಮಾಧಾನ ಮಾಡಬಹುದಿತ್ತು. ಬೇರೆ ರಾಜನಿರಬೇಕು, ಮುಖ ಸರಿಯಾಗಿ ಗೊತ್ತಾಗಲ್ಲ ಅಂದಿದ್ದರೆ ನಂಬುತ್ತಿದ್ದರು. ಆದರೆ ಒಂದಕ್ಷರಾನೂ ಬಿಡಬೇಡ ಅಂದವಳು ಅವಳೇ. ಅವನ ಕಥೆಯಲ್ಲಿ ಇನ್ನೊಂದಿಷ್ಟು ಉಳಿದಿತ್ತು. ಅದನ್ನೂ ಹೇಳಿಬಿಡೋಣ ಅಂದುಕೊಂಡೆ.

"ದೊಡ್ಡಮ್ಮ, ಪೂರ್ತಿ ಕೇಳು. ಅವನಿಗೆ ಒಬ್ಬ ಮಗ ಇದ್ದ. ಪ್ರಾಣದಂಥ ಮಗ. ತನ್ನ ನಂತರ ಇವನೇ ರಾಜ ಅಂತ ಇಟ್ಟುಕೊಂಡಿದ್ದ. ಆ ಮಗ ಯುದ್ಧದಲ್ಲಿ ಸತ್ತ. ಸುದ್ದಿ ಬಂದಾಗ ಈ ರಾಜ ಊಟ ಬಿಟ್ಟ, ಮಾತು ಬಿಟ್ಟ. ಮೂಗ ಆಗಿಬಿಟ್ಟ ಅಂತ ಜನ ಅಂದ್ಕೊಂಡ್ರಂತೆ. ಎಷ್ಟೋ ದಿನದ ಮೇಲೆ ಬಾಯಿ ಬಿಟ್ಟಾಗ ಅವನ ಬಾಯಲ್ಲಿ ಬಂದದ್ದು ಮಗನ ಹೆಸರು ಒಂದೇ. ಎದುರಿಗೆ ಮಗ ನಿಂತಿದಾನೆ ಅನ್ನೋ ಹಾಗೆ ಅವನ ಜೊತೆ ಮಾತಾಡ್ತಿದ್ದನಂತೆ. ಆ ಕಾಲದ ಕಥೆ ಬರೆದವರೇ ಹೇಳಿದ್ದಾರೆ, ನಾನು ಕಟ್ಟಿದ್ದಲ್ಲ. ರಾಜಾಧಿರಾಜ, ಉಪಕಾರಿ, ಎಲ್ಲಾ ಆಗಿದ್ದ. ತನ್ನ ಮಗನ್ನೇ ಉಳಿಸ್ಕೊಳ್ಳೋಕೆ ಆಗಲಿಲ್ಲ. ಅವನ ಮುಖ ಯಾರನ್ನೂ ಕಾಯೋದೂ ಇಲ್ಲ, ಕೊಲ್ಲೋದೂ ಇಲ್ಲ. ಜ್ವರ ಬಂದಿತ್ತು ದೊಡ್ಡಮ್ಮ. ನೀನು ದಾರ ಕಟ್ಟಿದ್ದೆ, ಅಷ್ಟೇ."

ಸೊಸೆ ತೊಟ್ಟಿಲಿನ ಹಗ್ಗವನ್ನು ಬೆರಳಿಗೆ ಸುತ್ತಿಕೊಂಡಳು.

"ಅವ್ನೂ ಮಾತಾಡ್ತಿದ್ನಾ?" ಸೊಸೆ ಕೇಳಿದಳು. ಧ್ವನಿ ಬಹಳ ಸಣ್ಣದಾಗಿತ್ತು. "ನಾನೂ ಮಾತಾಡ್ತೀನಿ ಅಕ್ಕ. ಹಾಲು ಕಾಯ್ಸೋವಾಗ. ಯಾರಿಗೂ ಹೇಳಿಲ್ಲ."

ದೊಡ್ಡಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. "ನಾನೂ ಕಣವ್ವ," ಅಂದಳು. "ಅಟ್ಟದಾಗೆ."

ಸೊಸೆ ಎದ್ದು ಹೋಗಿ ಅತ್ತೆಯ ಪಕ್ಕ ನೆಲದ ಮೇಲೆ ಕೂತಳು. ಆ ಅಂಗೈಗಳನ್ನು ತಾನು ಹಿಡಿದುಕೊಂಡಳು. ನಾನು ತೊಟ್ಟಿಲಿನ ಹಗ್ಗ ಹಿಡಿದೆ, ನನಗೂ ಏನಾದರೂ ಕೆಲಸ ಬೇಕಿತ್ತು. ತುಂಬಾ ಹೊತ್ತಾದ ಮೇಲೆ ಸೊಸೆ ನಾಣ್ಯ ಕೊಡಿ ಅಂದಳು. ಕೊಟ್ಟೆ. ರಾಜನ ಮುಖವನ್ನು ಹೆಬ್ಬೆರಳಿನಿಂದ ಸವರಿ, ನರಹುಲಿಯ ಹತ್ತಿರ ನಿಲ್ಲಿಸಿದಳು.

"ಕೆರೆಗೆ ಬ್ಯಾಡ ಅತ್ತೆ. ನಾಡಿದ್ದು ನೀವೇ ಕಟ್ಟಿ. ನಮ್ಮ ಕೂಸನ್ನ ಕಾಯ್ಲಿ ಅಂತಲ್ಲ. ಪಾಪ, ಅವ್ನ ಜೊತೇಗೂ ಒಂದು ಮಗು ಇರ್ಲಿ."

ದೊಡ್ಡಮ್ಮ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಮಗು ಹೋದಾಗ ಅವಳು ಎಲ್ಲರನ್ನೂ ಸಮಾಧಾನ ಮಾಡಿದ್ದಳೇ ಹೊರತು ಅತ್ತದ್ದನ್ನು ನಾನು ಕಂಡಿರಲಿಲ್ಲ.

ಮರುದಿನ ತಮ್ಮ ತಿಪಟೂರಿಗೆ ಹೋಗಿ ಹೊಸ ಅರಗು ಹಾಕಿಸಿ ಪಟ್ಟಿಯನ್ನು ಮತ್ತೆ ಕೂರಿಸಿಕೊಂಡು ಬಂದ. ಅದಕ್ಕೆ ಮೊದಲು ನಾನು ಚಿತ್ರ ತೆಗೆದುಕೊಂಡೆ. ಇನ್ನೆಷ್ಟು ಕಾಲಕ್ಕೋ ಆ ಚೂಪಾದ ಅಕ್ಷರಗಳು ಮತ್ತೆ ಕತ್ತಲೆಯಲ್ಲಿರುತ್ತವೆ. ನನಗೆ ಅದರ ಬಗ್ಗೆ ಬೇಸರವಾಗಲಿಲ್ಲ.

ಹೆಸರಿಡುವ ದಿನ ದೊಡ್ಡಮ್ಮ ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡಳು. ದಾರ ಸುತ್ತಿದಳು, ಆದರೆ ಗಂಟು ಹಾಕಲು ಬೆರಳು ಬಾಗಲಿಲ್ಲ. ಸೊಸೆ ಪಕ್ಕದಿಂದ ದಾರದ ಮೇಲೆ ಒಂದು ಬೆರಳು ಒತ್ತಿ ಹಿಡಿದಳು. ಬೆರಳಿನ ಮೇಲೇ ಗಂಟು ಬಿತ್ತು, ಬೆರಳು ಎಳೆದುಕೊಂಡಾಗ ದಾರ ಸಡಿಲವಾಗಿ, ಒತ್ತದ ಹಾಗೆ ಕೂತಿತು. ರಾಜಾಧಿರಾಜ ಮಗುವಿನ ಹೊಟ್ಟೆಯ ಮೇಲೆ ಮಲಗಿದ. ಮಗು ಒಮ್ಮೆ ಕಾಲು ಝಾಡಿಸಿ, ಕಣ್ಣು ಅರಳಿಸಿ, ರಾಜನೂ ದೊಡ್ಡಮ್ಮನ ಹೊಸ ಸೀರೆಯೂ ಒಟ್ಟಿಗೆ ತೊಯ್ಯುವ ಹಾಗೆ ಉಚ್ಚೆ ಹೊಯ್ದುಕೊಂಡಿತು.

ನಾವೆಲ್ಲ ದೊಡ್ಡಮ್ಮನ ಮುಖ ನೋಡಿದೆವು.

"ಬುಡ್ರಿ," ಅಂದಳು ಅವಳು, ಅಳುತ್ತಲೇ ನಗುತ್ತಾ. "ಇವತ್ತಿನ ಅಭಿಷೇಕ ಆಯ್ತು."